ಹಳೇ ಬಾತ್‌ರೂಮ್ ಒಡೆದು ಹೊಸದಾಗಿ ಮಾಡಿಸುವುದು: ಮೇಸ್ತ್ರಿ ಹುಡುಕುವುದರಿಂದ ಕೊನೆಯ ಕಂತು ಕೊಡುವವರೆಗೆ

ಬಾತ್‌ರೂಮ್ ಕೆಲಸದಲ್ಲಿ ಮುಖ್ಯವಾದದ್ದೆಲ್ಲ ಮುಚ್ಚಿಹೋಗುತ್ತದೆ. ಪೈಪು ಗೋಡೆಯೊಳಗೆ, ಜಾಯಿಂಟು ನೆಲದೊಳಗೆ, ವಾಟರ್‌ಪ್ರೂಫಿಂಗ್ ಟೈಲ್ಸ್ ಕೆಳಗೆ. ನಮ್ಮ ಕಣ್ಣಿಗೆ ಉಳಿಯುವುದು ಹೊಳೆಯುವ ಟೈಲ್ಸ್ ಮತ್ತು ನಲ್ಲಿ ಮಾತ್ರ. ಪೇಂಟ್ ಕೆಲಸ ಕೆಟ್ಟರೆ ಮಾರನೇ ದಿನವೇ ಕಾಣುತ್ತದೆ, ಮತ್ತೆ ಹೊಡೆಸಬಹುದು. ಬಾತ್‌ರೂಮಿನ ತಪ್ಪು ಹೊರಗೆ ಬರುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ದುಡ್ಡು ಪೂರ್ತಿ ಕೊಟ್ಟಾಗಿರುತ್ತದೆ. ಮೇಸ್ತ್ರಿ ಫೋನ್ ಎತ್ತುವುದಿಲ್ಲ. ಪ್ಲಂಬರ್ ಬಂದು ನೋಡಿ, ಟೈಲ್ಸ್‌ನವನು ಮೊಳೆ ಹೊಡೆದಿದ್ದಾನೆ ಅಂತಾನೆ. ಟೈಲ್ಸ್‌ನವನು ಪ್ಲಂಬರ್ ಕಡೆ ಕೈ ತೋರಿಸುತ್ತಾನೆ.

ಈ ಗೋಳಿಗೆ ಕಾರಣ ಕೆಟ್ಟ ಕೆಲಸಗಾರರು ಅಂತ ಎಲ್ಲರೂ ಹೇಳುತ್ತಾರೆ. ನನ್ನ ಮನೆ, ನೆಂಟರ ಮನೆ, ಪಕ್ಕದವರ ಮನೆ ಕೆಲಸಗಳನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಅನ್ನಿಸಿದ್ದು ಬೇರೆ. ಜಾಸ್ತಿ ಜಗಳ ಹುಟ್ಟುವುದು ಮಾತು ಸ್ಪಷ್ಟವಿಲ್ಲದ ಕಡೆ. ಏನು ಸೇರಿದೆ, ಏನು ಸೇರಿಲ್ಲ, ಯಾವಾಗ ದುಡ್ಡು, ಯಾರು ಏನನ್ನು ನೋಡಿ ಒಪ್ಪಿಕೊಳ್ಳಬೇಕು ಅನ್ನುವುದನ್ನು ಮೊದಲೇ ಯಾರೂ ಮಾತಾಡಿರುವುದಿಲ್ಲ. ಮುಚ್ಚುವ ಮೊದಲು ಪರೀಕ್ಷೆ ಆಗಬೇಕು, ಪರೀಕ್ಷೆ ಆದ ಮೇಲೆ ದುಡ್ಡು ಹೋಗಬೇಕು. ಕೆಳಗೆ ಹೇಳಿದ್ದೆಲ್ಲ ಈ ಒಂದು ನಿಯಮವನ್ನು ನಡೆಸುವ ದಾರಿ.

ಉದಾಹರಣೆಗೆ ಬೆಂಗಳೂರು, ಮೈಸೂರು ಕಡೆಯ 30x40 ಸೈಟಿನ ಒಂದು ಮನೆ ತೆಗೆದುಕೊಳ್ಳೋಣ. ಮೊದಲ ಮಹಡಿಯಲ್ಲಿ 8 ಅಡಿ ಉದ್ದ, 5 ಅಡಿ ಅಗಲದ ಬಾತ್‌ರೂಮ್. ಹದಿನೈದು ಇಪ್ಪತ್ತು ವರ್ಷ ಹಳೆಯದು. ಕೆಳಗಿನ ರೂಮಿನ ಸೀಲಿಂಗ್‌ಗೆ ನೀರು ಇಳಿಯುತ್ತಿದೆ.

ಹಂತ 1: ನೀರು ಎಲ್ಲಿಂದ ಬರುತ್ತಿದೆ ಅಂತ ನೀವೇ ಪತ್ತೆ ಮಾಡಿ

ಯಾರನ್ನೂ ಕರೆಯುವ ಮುಂಚೆ ಇದನ್ನು ಮಾಡಿ. ಕಾರಣ ಗೊತ್ತಿಲ್ಲದೆ ಕರೆದರೆ ಬಂದವರೆಲ್ಲ ತಮ್ಮ ಕೆಲಸವನ್ನೇ ಪರಿಹಾರ ಅಂತ ಹೇಳುತ್ತಾರೆ. ವಾಟರ್‌ಪ್ರೂಫಿಂಗ್‌ನವರು ಕೆಮಿಕಲ್ ಅಂತಾರೆ, ಗಾರೆಯವರು ಪೂರ್ತಿ ಒಡೆಯಬೇಕು ಅಂತಾರೆ.

ಕೆಳಗಿನ ಸೀಲಿಂಗ್‌ನಲ್ಲಿ ತೇವದ ಕಲೆಯ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಆ ಬಾತ್‌ರೂಮನ್ನು ಎರಡು ದಿನ ಬಳಸಬೇಡಿ, ಆದರೆ ಟ್ಯಾಂಕಿನ ವಾಲ್ವ್ ತೆರೆದೇ ಇರಲಿ. ಬಳಸದಿದ್ದರೂ ಕಲೆ ದೊಡ್ಡದಾಗುತ್ತಿದ್ದರೆ ಗೋಡೆಯೊಳಗಿನ ನೀರಿನ ಪೈಪ್ ಸೋರುತ್ತಿರಬಹುದು. ಇನ್ನೊಂದು ಸುಲಭ ಪರೀಕ್ಷೆ ಇದೆ. ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ ಟ್ಯಾಂಕಿನ ನೀರಿನ ಮಟ್ಟ ಗುರುತು ಹಾಕಿ. ಮೋಟರ್ ಹಾಕದೆ ಬೆಳಿಗ್ಗೆ ನೋಡಿ. ಮಟ್ಟ ಇಳಿದಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಕಲೆ ಒಣಗುತ್ತಾ ಬಂದರೆ ತೊಂದರೆ ಇರುವುದು ನೆಲದಲ್ಲೋ, ಹೊರಹೋಗುವ ಪೈಪಿನಲ್ಲೋ. ಆಗ ನೀರು ನಿಲ್ಲಿಸಿ ನೋಡಿ. ನಹಾನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ಜಾಲರಿ ಕಿಂಡಿ) ಬಾಯಿಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಬಟ್ಟೆ ಬಿಗಿಯಾಗಿ ತುರುಕಿ. ಬಾಗಿಲ ಹತ್ತಿರ ಹೊಸ್ತಿಲು ಗಿಡ್ಡ ಇದ್ದರೆ ಸಿಮೆಂಟಿನಿಂದ ಸಣ್ಣ ಕಟ್ಟೆ ಕಟ್ಟಿ. ಒಂದೂವರೆ ಎರಡು ಇಂಚು ನೀರು ನಿಲ್ಲಿಸಿ, ಮಟ್ಟಕ್ಕೆ ಗುರುತು ಹಾಕಿ, 24 ಗಂಟೆ ಬಿಡಿ. ಸ್ವಲ್ಪ ಆವಿಯಾಗುವುದು ಸಹಜ. ಮಟ್ಟ ಚೆನ್ನಾಗಿ ಇಳಿದು ಕೆಳಗೆ ತೇವ ಬಂದರೆ ನೆಲವೇ ಸೋರುತ್ತಿದೆ. ನೆಲ ಗಟ್ಟಿ ಇದ್ದರೆ ಕಮೋಡಿನ ಸಂದಿ ನೋಡಬೇಕು. ಕೇಸರಿಬಾತ್‌ಗೆ ಹಾಕುವ ಬಣ್ಣವನ್ನು ಒಂದು ಬಕೆಟ್ ನೀರಿಗೆ ಕಲಸಿ ಕಮೋಡಿಗೆ ಸುರಿಯಿರಿ. ಕೆಳಗೆ ಅದೇ ಬಣ್ಣ ಇಳಿದರೆ ಬೇರೆ ಸಾಕ್ಷಿ ಬೇಡ.

ಮಳೆ ಬಂದಾಗ ಮಾತ್ರ ಒದ್ದೆಯಾಗುತ್ತದೆಯಾ? ಹಾಗಿದ್ದರೆ ಬಾತ್‌ರೂಮ್ ಮುಟ್ಟಬೇಡಿ. ಹೊರಗೋಡೆಯ ಬಿರುಕು, ಕಿಟಕಿಯ ಸುತ್ತಲಿನ ಸಂದಿ ಮೊದಲು ನೋಡಿಸಿ.

ಟೈಲ್ಸ್ ಸಂದಿಯ ಬಿಳಿ ಸಿಮೆಂಟ್ ಎದ್ದುಹೋಗಿರುವುದು ಬಿಟ್ಟರೆ ಬೇರೇನೂ ತೊಂದರೆ ಕಾಣದಿದ್ದರೆ ಮೊದಲು ಸಂದಿಯನ್ನು ಕೆರೆಸಿ ಎಪಾಕ್ಸಿ ಗ್ರೌಟ್ (ಸಂದಿ ತುಂಬುವ, ನೀರು ಹೀರದ ಅಂಟು) ತುಂಬಿಸಿ ನೋಡಿ. ನೆಲವನ್ನು ಒಡೆಯದೆ ಮುಗಿಯುವ ಕೆಲಸಕ್ಕೆ ಸುಮ್ನೆ ಒಡೆಸುವುದು ಬೇಡ. ನೆಲದಡಿಯ ಜಾಯಿಂಟು, ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಟೊಳ್ಳಾದ ಟೈಲ್ಸ್ ಎಲ್ಲ ಸೇರಿದ್ದರೆ ಪೂರ್ತಿ ಒಡೆಯುವುದೇ ಸರಿ. ಅರ್ಧಂಬರ್ಧ ಒಡೆದರೆ ಹಳೇ ಹೊಸ ಸೇರುವ ಕಡೆ ಮತ್ತೆ ಸೋರುತ್ತದೆ.

ಹಂತ 2: ಅಳತೆ ಲೆಕ್ಕ ನಿಮ್ಮ ಕೈಯಲ್ಲಿರಲಿ

ನಾಲ್ಕು ಗೋಡೆ ಸೇರಿ ಸುತ್ತಳತೆ 26 ಅಡಿ. 7 ಅಡಿ ಎತ್ತರಕ್ಕೆ ಟೈಲ್ಸ್ ಅಂದರೆ 182 ಚದರಡಿ. ಬಾಗಿಲು, ಕಿಟಕಿ ಕಳೆದರೆ ಸುಮಾರು 160. ನೆಲ 40 ಚದರಡಿ. ಕತ್ತರಿಸುವಾಗ, ಒಡೆಯುವಾಗ ಹಾಳಾಗುವುದಕ್ಕೆ ಶೇಕಡಾ 10 ಸೇರಿಸಿ. ಗೋಡೆಗೆ 2x1 ಅಡಿಯ 88 ಟೈಲ್ಸ್, ನೆಲಕ್ಕೆ 1x1 ಅಡಿಯ 44 ಟೈಲ್ಸ್ ಬೇಕಾಗುತ್ತದೆ.

ಈ ಲೆಕ್ಕ ನಿಮ್ಮ ಹತ್ತಿರ ಇದ್ದರೆ ಅಂಗಡಿಯಲ್ಲೂ ಮೇಸ್ತ್ರಿಯ ಮುಂದೆಯೂ ಮಾತು ಬೇರೆ ಥರ ಆಗುತ್ತದೆ. ಚದರಡಿ ಲೆಕ್ಕದಲ್ಲಿ ಕೂಲಿ ಕೇಳುವವರು ಬಾಗಿಲು ಕಿಟಕಿಯ ಜಾಗ ಕಳೆಯುತ್ತಾರಾ ಇಲ್ಲವಾ ಅಂತ ಕೇಳಿ. ಕಿಟಕಿಯ ಒಳಬದಿ, ಅಂಚು, ಕಟಿಂಗ್ ಕೆಲಸಕ್ಕೆ ರನ್ನಿಂಗ್ ಅಡಿ (ಬರೀ ಉದ್ದದ) ಲೆಕ್ಕದಲ್ಲಿ ಬೇರೆ ದುಡ್ಡಾ ಅಂತಲೂ ಕೇಳಿ.

ಒಡೆದ ಮಣ್ಣಿನ ಲೆಕ್ಕ ಎಲ್ಲರೂ ಮರೆಯುತ್ತಾರೆ. ಹಳೇ ಮನೆಗಳಲ್ಲಿ ಬಾತ್‌ರೂಮಿನ ಸ್ಲ್ಯಾಬ್ ಒಂದು ಅಡಿಯಷ್ಟು ಕೆಳಗಿರುತ್ತದೆ. ಮೇಲೆ ಇಟ್ಟಿಗೆ ಚೂರು, ಮಣ್ಣು ತುಂಬಿರುತ್ತಾರೆ. 8x5 ಅಡಿಯ ನೆಲದಲ್ಲಿ ಅದೇ 40 ಘನ ಅಡಿ. ಒಡೆದ ಮೇಲೆ ಇನ್ನೂ ಉಬ್ಬುತ್ತದೆ, ಗೋಡೆಯ ಪ್ಲಾಸ್ಟರ್ ಬೇರೆ. ಮಹಡಿಯಿಂದ ಮೂಟೆ ಮೂಟೆ ಇಳಿಸಿ ಗಾಡಿಗೆ ತುಂಬುವ ಖರ್ಚು ಯಾರದು? ಮೊದಲೇ ಮಾತಾಡದಿದ್ದರೆ ಮೂರನೇ ದಿನ ಜಗಳ ಗ್ಯಾರಂಟಿ. ಮಣ್ಣು ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳಿ. ಕೆರೆ ಅಂಚಿಗೆ, ರಾಜಕಾಲುವೆಗೆ ಸುರಿದು ಬರುವ ಟ್ರ್ಯಾಕ್ಟರ್‌ಗಳು ಬೇಕಾದಷ್ಟಿವೆ. ಅಂಥವರಿಗೆ ಕೊಡಬೇಡಿ.

ಹಂತ 3: ಜನ ಹುಡುಕುವುದು

ಈ ಕೆಲಸಕ್ಕೆ ಕನಿಷ್ಠ ಮೂರು ಥರದ ಕೈ ಬೇಕು. ಗಾರೆ ಕೆಲಸದವರು, ಪ್ಲಂಬರ್, ಟೈಲ್ಸ್ ಹಾಕುವವರು. ಜೊತೆಗೆ ಗೀಸರ್ ಪಾಯಿಂಟಿಗೆ ಎಲೆಕ್ಟ್ರಿಷಿಯನ್. ಒಬ್ಬ ಮೇಸ್ತ್ರಿಗೇ ಎಲ್ಲ ವಹಿಸಿದರೆ ಖರ್ಚು ಸ್ವಲ್ಪ ಜಾಸ್ತಿ. ಆದರೆ ಸೋರಿದರೆ ಕೇಳಲು ಒಬ್ಬರೇ ಇರುತ್ತಾರೆ. ನೀವು ದಿನವೂ ಮನೆಯಲ್ಲಿ ನಿಂತು ನೋಡಲು ಆಗುವುದಿಲ್ಲ ಅಂದರೆ ಹೀಗೇ ಮಾಡಿ.

ಒಳ್ಳೆಯವರನ್ನು ಹುಡುಕುವ ದಾರಿ ಹಳೆಯದೇ. ಎರಡು ಮೂರು ವರ್ಷದ ಹಿಂದೆ ಬಾತ್‌ರೂಮ್ ಮಾಡಿಸಿದವರನ್ನು ಕೇಳಿ. ಹೋದ ತಿಂಗಳು ಮಾಡಿಸಿದವರ ಮಾತು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಹೊಸದರಲ್ಲಿ ಎಲ್ಲವೂ ಚೆನ್ನಾಗಿರುತ್ತದೆ. ಹೋಗಿ ನೋಡುವಾಗ ಟೈಲ್ಸ್ ನೋಡುವ ಮೊದಲು ಕೆಳಗಿನ ಮನೆಯ ಸೀಲಿಂಗ್ ನೋಡಿ. ಆಮೇಲೆ ನೆಲಕ್ಕೆ ಒಂದು ಚೊಂಬು ನೀರು ಹಾಕಿ, ಅದು ತಾನಾಗಿ ಟ್ರ್ಯಾಪಿನ ಕಡೆ ಓಡುತ್ತದೆಯಾ ನೋಡಿ. ನಾಣ್ಯದಿಂದ ನಾಲ್ಕು ಟೈಲ್ಸ್ ಮೇಲೆ ತಟ್ಟಿ, ಟೊಳ್ಳು ಶಬ್ದ ಬರುತ್ತದೆಯಾ ಕೇಳಿ. ಇಷ್ಟು ಸಾಕು.

ಹಾರ್ಡ್‌ವೇರ್ ಅಂಗಡಿಯವರು ಕೊಡುವ ನಂಬರಿನಿಂದಲೂ ಒಳ್ಳೆಯವರು ಸಿಗುತ್ತಾರೆ. ಆದರೆ ಎಷ್ಟೋ ಕಡೆ ಸಾಮಾನಿನ ಮೇಲೆ ಪ್ಲಂಬರ್‌ಗೆ ಅಂಗಡಿಯಿಂದ ಕಮಿಷನ್ ಇರುತ್ತದೆ. ಅದನ್ನು ಮೋಸ ಅಂತ ನೋಡಬೇಕಿಲ್ಲ, ಆ ವ್ಯಾಪಾರದ ರೀತಿಯೇ ಹಾಗೆ. ಮುಚ್ಚುಮರೆ ಇಲ್ಲದೆ ಮಾತಾಡಿ. “ಅಣ್ಣ, ಸಾಮಾನು ನಾನೇ ತರ್ತೀನಿ, ನಿಮ್ಮ ಕೂಲಿ ಎಷ್ಟು ಅಂತ ಸರಿಯಾಗಿ ಹೇಳಿ” ಅಂದರೆ ಇಬ್ಬರಿಗೂ ನಿರಾಳ. ಕೂಲಿಯಲ್ಲಿ ಜಾಸ್ತಿ ಚೌಕಾಸಿ ಮಾಡಿದರೆ ಆ ದುಡ್ಡು ಸಾಮಾನಿನಲ್ಲೋ ಕೆಲಸದಲ್ಲೋ ಕಡಿಮೆಯಾಗಿ ವಾಪಸ್ ಬರುತ್ತದೆ.

ಮೂವರಿಂದ ರೇಟು ಕೇಳಿ, ಆದರೆ ಮೂವರಿಗೂ ಒಂದೇ ಪಟ್ಟಿ ಕೊಟ್ಟು ಕೇಳಿ. ಬಾಯಿಮಾತಲ್ಲಿ ಕೇಳಿದರೆ ಒಬ್ಬರು ವಾಟರ್‌ಪ್ರೂಫಿಂಗ್ ಸೇರಿಸಿ ಹೇಳುತ್ತಾರೆ, ಇನ್ನೊಬ್ಬರು ಬಿಟ್ಟು ಹೇಳುತ್ತಾರೆ. ಹೋಲಿಸಲು ಆಗುವುದೇ ಇಲ್ಲ. ಜಾಗ ನೋಡದೆ ಫೋನಿನಲ್ಲೇ ರೇಟು ಹೇಳುವವರನ್ನು ಬಿಟ್ಟುಬಿಡಿ. ನಾನಂತೂ ರೇಟಿಗಿಂತ ಮೊದಲು ಇನ್ನೊಂದನ್ನು ಗಮನಿಸುತ್ತೇನೆ. ಬಂದವರು ಕೆಳಗಿನ ಸೀಲಿಂಗ್ ನೋಡಲು ಕೇಳಿದರಾ? ಕೇಳಿದ್ದರೆ ಅವರಿಗೆ ಕೆಲಸದ ಬಗ್ಗೆ ಯೋಚನೆ ಇದೆ ಅಂತ ಅರ್ಥ.

ಹಂತ 4: ಬರೆದಿಡಿ

ಸ್ಟಾಂಪ್ ಪೇಪರ್ ಬೇಡ. ವಾಟ್ಸಾಪ್ ಮೆಸೇಜ್ ಸಾಕು. ಮೇಸ್ತ್ರಿಗೆ ಓದಲು ಕಷ್ಟವಾದರೆ ಎದುರಿಗೆ ಕೂತು ಓದಿ ಹೇಳಿ, ಆಮೇಲೆ ಕಳಿಸಿ “ಒಪ್ಪಿಗೆ” ಅಂತ ಉತ್ತರ ತರಿಸಿಕೊಳ್ಳಿ. ಮಾದರಿ ಹೀಗಿರಬಹುದು:

“ಮೇಸ್ತ್ರಿ, ನಾವು ಮಾತಾಡಿದ್ದು ಇಷ್ಟು. ಹಳೇ ಟೈಲ್ಸ್, ಪ್ಲಾಸ್ಟರ್, ನೆಲದೊಳಗಿನ ಮಣ್ಣು ಪೂರ್ತಿ ಸ್ಲ್ಯಾಬ್ ಕಾಣುವವರೆಗೆ ತೆಗೆಯುವುದು, ಮಣ್ಣು ಇಳಿಸಿ ಸಾಗಿಸುವುದು ನಿಮ್ಮದು. ನೀರಿನ ಪೈಪ್ ಪೂರ್ತಿ ಹೊಸ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪ್). ಗೋಡೆ ಮುಚ್ಚುವ ಮೊದಲು ಪ್ರೆಶರ್ ಟೆಸ್ಟ್. ನೆಲಕ್ಕೂ ಗೋಡೆಗೂ ಎರಡು ಕೋಟ್ ವಾಟರ್‌ಪ್ರೂಫಿಂಗ್, ಆಮೇಲೆ 48 ಗಂಟೆ ನೀರು ನಿಲ್ಲಿಸುವುದು. ಟೈಲ್ಸ್ ಅಂಟಿನಲ್ಲಿ ಹಾಕುವುದು. ಆ್ಯಸಿಡ್ ಹಾಕಿ ತೊಳೆಯುವುದು ಬೇಡ. ಟೈಲ್ಸ್, ನಲ್ಲಿ, ಕಮೋಡ್, ಅಂಟು, ವಾಟರ್‌ಪ್ರೂಫಿಂಗ್ ಡಬ್ಬ ನಾನು ತರುತ್ತೇನೆ. ಸಿಮೆಂಟ್, ಎಂ ಸ್ಯಾಂಡ್, ಪೈಪ್ ನಿಮ್ಮದು. ಜಾಸ್ತಿ ಕೆಲಸ ಏನು ಬಂದರೂ ಮಾಡುವ ಮೊದಲು ರೇಟು ಹೇಳಬೇಕು. ಒಂದು ವರ್ಷದೊಳಗೆ ಸೋರಿದರೆ ಕೂಲಿ ಇಲ್ಲದೆ ಸರಿ ಮಾಡಿಕೊಡಬೇಕು.”

“ಜಾಸ್ತಿ ಕೆಲಸ” ಅನ್ನುವ ಸಾಲು ಬಿಡಬೇಡಿ. ಕೊನೆಯ ಬಿಲ್ಲಿನ ಗಲಾಟೆ ಹೆಚ್ಚಾಗಿ ಅಲ್ಲಿಂದಲೇ ಶುರುವಾಗುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಇದ್ದರೆ ಅಸೋಸಿಯೇಶನ್‌ಗೆ ಮೊದಲೇ ತಿಳಿಸಿ. ಒಡೆಯುವ ಸಮಯ, ಲಿಫ್ಟ್ ಬಳಕೆ, ಮಣ್ಣು ಇಡುವ ಜಾಗದ ನಿಯಮ ಕೇಳಿಕೊಳ್ಳಿ. ಕೆಳಗಿನ ಮನೆಯವರಿಗೆ ನೀವೇ ಹೋಗಿ ಹೇಳಿಬನ್ನಿ, ಅವರ ಸೀಲಿಂಗ್‌ನ ಫೋಟೋ ತೆಗೆದುಕೊಳ್ಳಿ.

ಹಂತ 5: ದುಡ್ಡನ್ನು ಪರೀಕ್ಷೆಗೆ ಕಟ್ಟಿಹಾಕಿ

ಅರ್ಧ ದುಡ್ಡು ಅಡ್ವಾನ್ಸ್ ಕೇಳುವವರಿದ್ದಾರೆ. ಕೊಡಬೇಡಿ. ಹಾಗಂತ ಮುಗಿದ ಮೇಲೆ ಎಲ್ಲ ಕೊಡುತ್ತೇನೆ ಅನ್ನುವುದೂ ಸರಿಯಲ್ಲ. ಮೇಸ್ತ್ರಿ ಶನಿವಾರ ತನ್ನ ಜನಕ್ಕೆ ಬಟವಾಡೆ ಮಾಡಲೇಬೇಕು. ನಿಮ್ಮಿಂದ ದುಡ್ಡು ಬರದಿದ್ದರೆ ಅವರು ದುಡ್ಡು ಬರುವ ಸೈಟಿಗೆ ಹೋಗುತ್ತಾರೆ.

ನಾನು ಹೇಳುವ ಹಂಚಿಕೆ ಹೀಗಿದೆ. ಶುರುವಿಗೆ ಶೇಕಡಾ 15. ಒಡೆದು ಮಣ್ಣು ಸಾಗಿಸಿದ ಮೇಲೆ 15. ಪೈಪ್ ಹಾಕಿ ಪ್ರೆಶರ್ ಟೆಸ್ಟ್ ಪಾಸಾದ ಮೇಲೆ 20. ವಾಟರ್‌ಪ್ರೂಫಿಂಗ್ ಆಗಿ ನಿಲ್ಲಿಸಿದ ನೀರು ಇಳಿಯದಿದ್ದರೆ 20. ಟೈಲ್ಸ್ ಮುಗಿದಾಗ 20. ಕೊನೆಯ 10 ಒಂದು ತಿಂಗಳು ಬಳಸಿದ ಮೇಲೆ. ಯಾವ ಹಂತದಲ್ಲೂ ಆಗಿರುವ ಕೆಲಸಕ್ಕಿಂತ ಜಾಸ್ತಿ ದುಡ್ಡು ನಿಮ್ಮ ಕೈಬಿಟ್ಟು ಹೋಗಿರಬಾರದು. ಅವರ ಕೆಲಸಕ್ಕಿಂತ ತುಂಬ ಹಿಂದೆಯೂ ನೀವು ಉಳಿಯಬಾರದು.

ಯುಪಿಐನಲ್ಲಿ ಕೊಡಿ, ಜೊತೆಗೆ ಯಾವ ಹಂತಕ್ಕೆ ಅಂತ ಒಂದು ಸಾಲು ಬರೆಯಿರಿ. ನಗದು ಕೊಟ್ಟರೆ ಅದೇ ದಿನ ಮೆಸೇಜ್ ಹಾಕಿ. ಹಂತ ಪಾಸಾದ ದಿನವೇ ಕೊಡಿ, ಎಳೆಯಬೇಡಿ. ಹೇಳಿದ ದಿನ ದುಡ್ಡು ಕೊಡುವವರ ಮನೆಗೆ ಕೆಲಸಗಾರರು ಹೇಳಿದ ದಿನ ಬರುವುದು ಜಾಸ್ತಿ. ಇದನ್ನು ಹಲವು ಮನೆಗಳಲ್ಲಿ ನೋಡಿದ್ದೇನೆ.

ಹಂತ 6: ಒಡೆಯುವ ಮೊದಲು ಸಾಮಾನು ಮನೆಗೆ ಬಂದಿರಲಿ

ಪೈಪ್ ಹಾಕುವ ದಿನ ಪ್ಲಂಬರ್ ಎದುರಿಗೆ ಕಮೋಡ್, ಡೈವರ್ಟರ್ (ನೀರನ್ನು ಶವರಿಗೋ ನಲ್ಲಿಗೋ ತಿರುಗಿಸುವ ವಾಲ್ವ್), ನಲ್ಲಿ, ವಾಶ್‌ಬೇಸಿನ್ ಎಲ್ಲ ಇರಬೇಕು. ಯಾಕೆ ಅಂದರೆ ಪೈಪಿನ ಜಾಗ ಅವುಗಳ ಮೇಲೆ ನಿಂತಿದೆ. ನೆಲದೊಳಗೆ ಹೋಗುವ ಎಸ್ ಟ್ರ್ಯಾಪ್ ಕಮೋಡಿಗೂ ಗೋಡೆಯೊಳಗೆ ಹೋಗುವ ಪಿ ಟ್ರ್ಯಾಪ್ ಕಮೋಡಿಗೂ ಪೈಪ್ ಬೇರೆ ಕಡೆ ಬರುತ್ತದೆ. ಎಸ್ ಟ್ರ್ಯಾಪ್‌ನಲ್ಲೂ ಗೋಡೆಯಿಂದ ಪೈಪಿನ ನಡುವಿಗೆ ಇರುವ ದೂರ ಮಾಡೆಲಿನಿಂದ ಮಾಡೆಲಿಗೆ ಬದಲಾಗುತ್ತದೆ. ಈ ದೂರವನ್ನು ಟೈಲ್ಸ್ ಹಾಕಿದ ಗೋಡೆಯಿಂದ ಅಳೆಯಬೇಕು, ಬರಿ ಇಟ್ಟಿಗೆಯಿಂದ ಅಲ್ಲ. ಗೋಡೆಯೊಳಗಿನ ಡೈವರ್ಟರ್ ಮೇಲೆ ಎಷ್ಟು ಆಳ ಕೂರಬೇಕು ಅಂತ ಗುರುತು ಇರುತ್ತದೆ. ಪ್ಲಾಸ್ಟರ್, ಅಂಟು, ಟೈಲ್ಸ್ ದಪ್ಪ ಸೇರಿಸಿ ಕೂರಿಸದಿದ್ದರೆ ಕೊನೆಗೆ ಮುಚ್ಚಳ ಕೂರುವುದಿಲ್ಲ. ಆಗ ಹೊಸ ಟೈಲ್ಸ್ ಒಡೆಯಬೇಕಾಗುತ್ತದೆ.

ಟೈಲ್ಸ್ ಎಲ್ಲ ಒಂದೇ ಸಲಕ್ಕೆ ತನ್ನಿ. ಬಾಕ್ಸಿನ ಮೇಲೆ ಬ್ಯಾಚ್ ಮತ್ತು ಶೇಡ್ ನಂಬರ್ ಇರುತ್ತದೆ, ಎಲ್ಲ ಬಾಕ್ಸಲ್ಲೂ ಒಂದೇ ಇದೆಯಾ ನೋಡಿ. ಆಮೇಲೆ ತರಿಸಿದ ಎರಡು ಬಾಕ್ಸ್ ಅದೇ ಹೆಸರಿನದಾಗಿದ್ದರೂ ಬಣ್ಣ ಬೇರೆಯಾಗಬಹುದು. ನೆಲಕ್ಕೆ ಜಾರದ ಟೈಲ್ಸ್ ತಗೊಳ್ಳಿ. ಅಂಗಡಿಯಲ್ಲೇ ಒಂದನ್ನು ಒದ್ದೆ ಮಾಡಿ ಬರಿಗಾಲಲ್ಲಿ ನಿಂತು ನೋಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಈ ಒಂದು ವಿಷಯದಲ್ಲಿ ರಾಜಿ ಬೇಡವೇ ಬೇಡ. ಹಿಡಿದುಕೊಳ್ಳುವ ಸ್ಟೀಲ್ ರಾಡಿಗೆ ಜಾಗವನ್ನೂ ಈಗಲೇ ಗುರುತು ಮಾಡಿಸಿ.

ಪೈಪು, ವೈರುಗಳ ಮೇಲೆ ಐಎಸ್‌ಐ ಗುರುತು ಮತ್ತು ಐಎಸ್ ನಂಬರ್ ನೋಡಿ. ಸಿಪಿವಿಸಿ ಪೈಪಿಗೆ ಐಎಸ್ 15778. ಕಮೋಡ್ ಮತ್ತು ಹೊರಹೋಗುವ ನೀರಿನ ಪಿವಿಸಿ ಪೈಪಿಗೆ ಐಎಸ್ 13592. ವೈರಿಗೆ ಐಎಸ್ 694. ಟೈಲ್ಸ್ ಅಂಟಿನ ಮೂಟೆ ಮೇಲೆ ಐಎಸ್ 15477 ಇರಲಿ. ಬಿಸಿನೀರಿಗೆ ಯುಪಿವಿಸಿ ಪೈಪ್ ಹಾಕಿಸಬೇಡಿ, ಅದು ಬಿಸಿ ತಡೆಯುವುದಿಲ್ಲ. ಸಿಪಿವಿಸಿ 93 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ.

ಹಂತ 7: ಕೆಲಸದ ಕ್ರಮ, ಒಂದು ಮೆಟ್ಟಿಲೂ ಹಾರಬೇಡಿ

ಮೇಸ್ತ್ರಿ “ಒಂದು ವಾರದಲ್ಲಿ ಮುಗಿಸ್ತೀನಿ ಸಾರ್” ಅಂತಾರೆ. ಪೂರ್ತಿ ಒಡೆದು ಮಾಡುವ ಬಾತ್‌ರೂಮಿಗೆ ಮೂರು ವಾರ ಇಟ್ಟುಕೊಳ್ಳಿ. ಸಿಮೆಂಟ್ ಗಟ್ಟಿಯಾಗಲು, ಕೋಟಿಂಗ್ ಒಣಗಲು, ನೀರು ನಿಲ್ಲಿಸಿ ನೋಡಲು ಹಿಡಿಯುವ ದಿನಗಳನ್ನು ಯಾರೂ ಕಡಿಮೆ ಮಾಡಲು ಆಗುವುದಿಲ್ಲ.

ಒಡೆಯುವ ದಿನ ಮೊದಲು ವಾಲ್ವ್ ಬಂದ್, ಬಾತ್‌ರೂಮಿನ ಕರೆಂಟ್ ಬಂದ್. ಹೊರಹೋಗುವ ಪೈಪಿನ ಬಾಯಿ ಮುಚ್ಚಿಸಿ, ಇಲ್ಲದಿದ್ದರೆ ಇಟ್ಟಿಗೆ ಚೂರು ಬಿದ್ದು ಕೆಳಗಿನ ಲೈನ್ ಕಟ್ಟಿಕೊಳ್ಳುತ್ತದೆ. ಸ್ಲ್ಯಾಬ್ ಕಂಡ ಮೇಲೆ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟ್ ಉದುರುತ್ತಿದ್ದರೆ ಕೆಲಸ ನಿಲ್ಲಿಸಿ, ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸಿ.

ಒಡೆಯುವ, ಕತ್ತರಿಸುವ ಕೆಲಸದಲ್ಲಿ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಹಾಳು. ಮಾಸ್ಕ್, ಕನ್ನಡಕ, ಕೈಗವಸು ನೀವೇ ತಂದುಕೊಡಿ, ಖರ್ಚು ತುಂಬ ಕಡಿಮೆ. ಟೈಲ್ಸನ್ನು ನೀರು ಹಾಕುತ್ತಾ ಕತ್ತರಿಸಲು ಹೇಳಿ. ಕಟರ್ ವೈರಿನ ತುದಿಯನ್ನು ಬೆಂಕಿಕಡ್ಡಿ ಸಿಕ್ಕಿಸಿ ಸಾಕೆಟ್ಟಿಗೆ ತುರುಕುವುದನ್ನು ಎಷ್ಟೋ ಕಡೆ ಕಾಣುತ್ತೇವೆ. ಒದ್ದೆ ನೆಲದ ಮೇಲೆ ಅದು ಜೀವ ತೆಗೆಯುವ ಕೆಲಸ. ಪ್ಲಗ್ ಇರಲೇಬೇಕು, ಮನೆಯ ಬೋರ್ಡಿನಲ್ಲಿ 30 ಮಿಲಿಆ್ಯಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಬಂದ್ ಮಾಡುವ ಸ್ವಿಚ್) ಇರಲೇಬೇಕು. ಇಲ್ಲದಿದ್ದರೆ ಈ ಕೆಲಸದ ನೆಪದಲ್ಲಿ ಮೊದಲು ಅದನ್ನು ಹಾಕಿಸಿ.

ಆಮೇಲೆ ಪೈಪು. ಕಮೋಡಿಗೆ 110 ಮಿಲಿಮೀಟರ್, ನೆಲದ ನೀರಿಗೆ 75 ಮಿಲಿಮೀಟರ್ ಪೈಪ್ ವಾಡಿಕೆ. ನಹಾನಿ ಟ್ರ್ಯಾಪಿನಲ್ಲಿ ಯಾವಾಗಲೂ 50 ಮಿಲಿಮೀಟರ್ ನೀರು ನಿಲ್ಲುವಂತಿರಬೇಕು. ಚರಂಡಿ ವಾಸನೆ, ಜಿರಳೆ ತಡೆಯುವುದು ಆ ನೀರೇ. ನೆಲ ತಗ್ಗಿನಲ್ಲಿರುವ ಕಡೆ ಸ್ಲ್ಯಾಬ್ ಮಟ್ಟದಲ್ಲೇ ಹೊರಗೆ ಒಂದು ಸಣ್ಣ ಪೈಪ್ ಬಿಡಿಸಿ. ಮುಂದೆ ಯಾವಾಗಲಾದರೂ ಒಳಗೆ ನೀರು ಸೇರಿದರೆ ಕೆಳಗಿನ ಸೀಲಿಂಗ್‌ಗೆ ಇಳಿಯುವ ಬದಲು ಅಲ್ಲಿಂದ ಹೊರಬಂದು ನಿಮಗೆ ತಿಳಿಸುತ್ತದೆ.

ಗೀಸರ್‌ಗೆ ಎಲೆಕ್ಟ್ರಿಷಿಯನ್ ಬರಬೇಕಾದ್ದೂ ಈಗಲೇ, ಗೋಡೆ ತೆರೆದಿರುವಾಗ. ಗೀಸರ್‌ಗೆ ಬೇರೆಯದೇ ಎಂಸಿಬಿ (ಲೋಡ್ ಜಾಸ್ತಿಯಾದರೆ ಕರೆಂಟ್ ಕಡಿಯುವ ಸ್ವಿಚ್), 4 ಚದರ ಮಿಲಿಮೀಟರ್ ವೈರ್, ಸರಿಯಾದ ಅರ್ಥಿಂಗ್. ಸ್ವಿಚ್ ಬಾತ್‌ರೂಮಿನ ಹೊರಗೆ.

ಪೈಪ್ ಹಾಕಿ ಅಂಟು ಒಣಗಿದ ಮೇಲೆ ಪ್ರೆಶರ್ ಟೆಸ್ಟ್. ಎಲ್ಲ ಬಾಯಿಗೂ ಪ್ಲಗ್ ಹಾಕಿ, ಕೈಪಂಪಿನಿಂದ ಒತ್ತಡ ಏರಿಸಿ ಗೇಜ್ ನೋಡಬೇಕು. ಮಾಮೂಲಿ ಒತ್ತಡದ ಒಂದೂವರೆ ಪಟ್ಟಾದರೂ ಏರಿಸಿ, ಕೆಲವು ಗಂಟೆ ಮುಳ್ಳು ಇಳಿಯಬಾರದು. ಪಂಪ್ ಇಲ್ಲ ಅನ್ನುವ ಪ್ಲಂಬರ್‌ಗೆ ಬಾಡಿಗೆಗೆ ತರಲು ಹೇಳಿ. ನಲ್ಲಿ ಬಿಟ್ಟು ನೋಡಿದೆ, ಸೋರ್ತಿಲ್ಲ ಅನ್ನುವುದು ಪರೀಕ್ಷೆ ಅಲ್ಲ. ಹೊರಹೋಗುವ ಪೈಪಿನ ತುದಿ ಮುಚ್ಚಿ, ನೀರು ತುಂಬಿ ಜಾಯಿಂಟುಗಳನ್ನೂ ನೋಡಿಸಿ.

ಪಾಸಾಯಿತಾ? ಮುಚ್ಚುವ ಮುಂಚೆ ಟೇಪು ಹಿಡಿದು ಫೋಟೋ ತೆಗೆಯಿರಿ. ನೆಲದಿಂದ ಎಷ್ಟು ಎತ್ತರ, ಮೂಲೆಯಿಂದ ಎಷ್ಟು ದೂರ ಅಂತ ಕಾಣುವ ಹಾಗಿರಲಿ. ಈ ಫೋಟೋ ಟೈಲ್ಸ್‌ನವರಿಗೂ ಕಳಿಸಿ. ಮುಂದೆ ಕನ್ನಡಿಗೆ ಮೊಳೆ ಹೊಡೆಯುವಾಗಲೂ, ತಪ್ಪು ಯಾರದು ಅನ್ನುವ ಜಗಳದಲ್ಲೂ ಕೆಲಸಕ್ಕೆ ಬರುವುದು ಇದೊಂದೇ. ದುಡ್ಡಿನ ಕಂತನ್ನು ಈ ದಿನವೇ ಕೊಡಿ.

ಗೋಡೆಗೆ ಪ್ಲಾಸ್ಟರ್ ಆದ ಮೇಲೆ ಕನಿಷ್ಠ 7 ದಿನ ನೀರು ಹೊಡೆಯಬೇಕು, ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಾದರೆ 10 ದಿನ. ಪ್ಲಾಸ್ಟರಿನ ಶಕ್ತಿಯೆಲ್ಲ ಇಲ್ಲಿಂದಲೇ ಬರುವುದು. ಮೇಸ್ತ್ರಿಯ ಜನ ಬರದ ದಿನ ನೀವೇ ಪೈಪ್ ಹಿಡಿದು ಹೊಡೆಯಿರಿ.

ವಾಟರ್‌ಪ್ರೂಫಿಂಗ್‌ಗೆ ಸಿಮೆಂಟಿನ ಜೊತೆ ಕಲಸಿ ಬ್ರಷ್ಷಿನಲ್ಲಿ ಹಚ್ಚುವ ಪಾಲಿಮರ್ ಕೋಟಿಂಗ್ ಸಾಮಾನ್ಯ. ಹಚ್ಚುವ ಮೊದಲು ಗೋಡೆ ನೆಲ ಸೇರುವ ಮೂಲೆಗೆ ಗಾರೆಯನ್ನು ದುಂಡಗೆ ಕೊಡಿಸಿ. ಚೂಪು ಮೂಲೆಯಲ್ಲೇ ಕೋಟಿಂಗ್ ಬಿರಿಯುವುದು. ಪೈಪು ಸ್ಲ್ಯಾಬ್ ದಾಟುವ ಕಡೆ, ಮೂಲೆಗಳಲ್ಲಿ ಫೈಬರ್ ಜಾಲರಿ ಇಟ್ಟು ಹಚ್ಚಬೇಕು. ಮೊದಲ ಕೋಟ್ ಉದ್ದಕ್ಕೆ, ಒಣಗಿದ ಮೇಲೆ ಎರಡನೇ ಕೋಟ್ ಅಡ್ಡಕ್ಕೆ. ಸುತ್ತಲೂ ಗೋಡೆಗೆ ಒಂದು ಅಡಿ ಎತ್ತರ, ಶವರ್ ಇರುವ ಕಡೆ ಆರೇಳು ಅಡಿ. ಡಬ್ಬದ ಮೇಲೆ ಬರೆದ ಅಳತೆಯಲ್ಲೇ ಕಲಸಿ, ನೀರು ಜಾಸ್ತಿ ಹಾಕಿ ತೆಳು ಮಾಡಲು ಬಿಡಬೇಡಿ. ಈ ದಿನ ಒಂದಾದರೂ ಕೆಲಸಕ್ಕೆ ರಜಾ ಹಾಕಿ ಪಕ್ಕದಲ್ಲಿ ನಿಂತಿರಿ.

ಪೂರ್ತಿ ಒಣಗಿದ ಮೇಲೆ ನೀರು ನಿಲ್ಲಿಸಿ 48 ಗಂಟೆ ಬಿಡಿ. ಕೆಳಗೆ ಹೋಗಿ ನೋಡಿ. “ಟೈಮ್ ಇಲ್ಲ, ಏನೂ ಆಗಲ್ಲ, ನಾನು ಗ್ಯಾರಂಟಿ” ಅಂತ ಯಾರು ಹೇಳಿದರೂ ಈ ಎರಡು ದಿನ ಬಿಟ್ಟುಕೊಡಬೇಡಿ. ಇಲ್ಲಿ ಸೋರಿದರೆ ಸರಿ ಮಾಡಲು ಒಂದು ದಿನ. ಟೈಲ್ಸ್ ಆದ ಮೇಲೆ ಸೋರಿದರೆ ಮತ್ತೆ ಹಂತ ಒಂದರಿಂದ ಶುರು.

ತಗ್ಗನ್ನು ತುಂಬಿ, ಟೈಲ್ಸ್ ಕೆಳಗಿನ ಗಾರೆಗೆ ವಾಟ ಕೊಡಬೇಕು. ಒಂದು ಮೀಟರಿಗೆ ಒಂದು ಸೆಂಟಿಮೀಟರಾದರೂ ಇಳಿಜಾರು ಇರಲಿ. ಹೊರಗಿನ ರೂಮಿಗಿಂತ ಬಾತ್‌ರೂಮಿನ ನೆಲ ಸ್ವಲ್ಪ ತಗ್ಗಿರಲಿ. ತುಂಬಿದ ಗಾರೆಯ ಮೇಲೂ ಟೈಲ್ಸ್ ಹಾಕುವ ಮೊದಲು ಇನ್ನೊಂದು ಕೋಟ್ ಹಚ್ಚಿಸಿದರೆ ಒಳ್ಳೆಯದು.

ಸೆರಾಮಿಕ್ ಟೈಲ್ಸನ್ನು ಸಿಮೆಂಟಿನಲ್ಲಿ ಹಾಕುವುದಾದರೆ ಮೊದಲು ನೀರಿನಲ್ಲಿ ನೆನೆಸಬೇಕು. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಬರೀ ಸಿಮೆಂಟ್ ಅದನ್ನು ಹಿಡಿಯುವುದಿಲ್ಲ. ಅದಕ್ಕೆ ಟೈಪ್ 2 ಅಥವಾ ಮೇಲಿನ ಅಂಟೇ ಬೇಕು. ಅಂಟನ್ನು ಹಲ್ಲಿನ ಕರಣೆಯಿಂದ ಪೂರ್ತಿ ಎಳೆಯಬೇಕು. ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟು ಒತ್ತಿದರೆ ನಡುವೆ ಟೊಳ್ಳು ಉಳಿದು ನೀರು ಸೇರುತ್ತದೆ. ನಡುನಡುವೆ ಆಗತಾನೇ ಹಾಕಿದ ಒಂದು ಟೈಲ್ಸ್ ಕೀಳಿಸಿ ಹಿಂಬದಿ ನೋಡಿ, ಪೂರ್ತಿ ಅಂಟು ಹಿಡಿದಿರಬೇಕು. ಟೈಲ್ಸ್ ನಡುವೆ 2 ಮಿಲಿಮೀಟರ್ ಸ್ಪೇಸರ್ ಇರಲಿ. ಸಂದಿಗೆ ಎಪಾಕ್ಸಿ ಗ್ರೌಟ್ ದುಬಾರಿ, ಆದರೆ ನೀರು ಹೀರುವುದಿಲ್ಲ. ಕನಿಷ್ಠ ನೆಲಕ್ಕೂ ಶವರ್ ಗೋಡೆಗೂ ಅದನ್ನೇ ಹಾಕಿಸಿ. ಕೊನೆಯಲ್ಲಿ ಆ್ಯಸಿಡ್ ಹಾಕಿ ತೊಳೆದುಕೊಡುತ್ತೇವೆ ಅಂತಾರೆ, ಬೇಡ ಅನ್ನಿ. ಅದು ಸಿಮೆಂಟ್ ಗ್ರೌಟನ್ನೂ ನಲ್ಲಿಯ ಹೊಳಪನ್ನೂ ತಿನ್ನುತ್ತದೆ.

ಹಂತ 8: “ನಾಳೆ ಬರ್ತೀನಿ” ಅಂದವರು ಬರದಿದ್ದಾಗ

ಸಣ್ಣ ಕೆಲಸ ಒಪ್ಪಿಕೊಳ್ಳುವ ಮೇಸ್ತ್ರಿಯ ಕೈಯಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಸೈಟ್ ಇರುತ್ತವೆ. ಯಾವುದಾದರೂ ಒಂದು ಕಡೆ ಮೋಲ್ಡ್ (ತಾರಸಿಗೆ ಕಾಂಕ್ರೀಟ್ ಹಾಕುವ ಕೆಲಸ) ಬಿದ್ದರೆ ಎಲ್ಲರೂ ಅಲ್ಲಿಗೆ. ಆರ್‌ಸಿಸಿ ಹಾಕುವುದನ್ನು ಅರ್ಧಕ್ಕೆ ನಿಲ್ಲಿಸಲು ಆಗುವುದಿಲ್ಲ, ನಿಮ್ಮ ಟೈಲ್ಸ್ ಒಂದು ದಿನ ಕಾಯಬಹುದು. ಆದ್ದರಿಂದ ಪ್ರತಿ ಸೋಮವಾರ ಕೇಳಿ: “ಮೇಸ್ತ್ರಿ, ಈ ವಾರ ಎಲ್ಲಾದರೂ ಮೋಲ್ಡ್ ಇದೆಯಾ? ಯಾವ ದಿನ ನಮ್ಮಲ್ಲಿ ಯಾರು ಇರ್ತಾರೆ?” ಮೊದಲೇ ಗೊತ್ತಾದರೆ ಆ ದಿನವನ್ನು ನೀರು ಹೊಡೆಯಲು, ಒಣಗಲು ಬಿಡಬಹುದು.

ಹಬ್ಬಗಳ ಲೆಕ್ಕ ಹಾಕಿಕೊಳ್ಳಿ. ಯುಗಾದಿ, ಗೌರಿ ಗಣೇಶ, ದಸರಾ, ದೀಪಾವಳಿಗೆ ಕಲಬುರಗಿ, ರಾಯಚೂರು, ಯಾದಗಿರಿ ಕಡೆಯಿಂದ ಬಂದವರು ಊರಿಗೆ ಹೋಗುತ್ತಾರೆ. ರಾಜಸ್ಥಾನ, ಬಿಹಾರದ ಟೈಲ್ಸ್ ಕೆಲಸದವರು ಹೋದರೆ ಬರುವುದು ಇನ್ನೂ ತಡ. ಅಮಾವಾಸ್ಯೆಗೆ ಕೆಲಸ ಮಾಡದವರೂ ಇದ್ದಾರೆ. ಹಬ್ಬಕ್ಕೆ ಹತ್ತು ದಿನ ಮುಂಚೆ ಬಾತ್‌ರೂಮ್ ಒಡೆಸಬೇಡಿ. ಮನೆಯಲ್ಲಿ ಇರುವುದು ಒಂದೇ ಬಾತ್‌ರೂಮ್ ಅಂದರೆ ಅಂತೂ ಬೇಡವೇ ಬೇಡ.

ಬರದ ದಿನಕ್ಕೆ ನಮ್ಮ ಕಡೆಯ ಕಾರಣಗಳೂ ಇರುತ್ತವೆ. ಸಾಮಾನು ಬಂದಿಲ್ಲ, ಟೈಲ್ಸ್ ಡಿಸೈನ್ ತೀರ್ಮಾನ ಆಗಿಲ್ಲ, ಮನೆಯವರಲ್ಲಿ ಮೂವರು ಮೂರು ಥರ ಹೇಳುತ್ತಿದ್ದಾರೆ. ಮೇಸ್ತ್ರಿಯ ಜೊತೆ ಮಾತಾಡುವವರು ಮನೆಯಲ್ಲಿ ಒಬ್ಬರೇ ಇರಲಿ. ಕೆಲಸದವರಿಗೆ ಕುಡಿಯುವ ನೀರು, ಟೀ, ಬಳಸಲು ಶೌಚಾಲಯ ಇರಲಿ. ಇದು ಉಪಕಾರ ಅಲ್ಲ, ನಮ್ಮ ಮನೆಗೆ ದುಡಿಯಲು ಬಂದವರಿಗೆ ಸಲ್ಲಬೇಕಾದ್ದು. ಅವರಿಗೆ ಕಾರ್ಮಿಕ ಕಾರ್ಡ್ ಇದೆಯಾ ಅಂತಲೂ ಕೇಳಿ. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಎಷ್ಟೋ ಜನಕ್ಕೆ ಅರ್ಜಿ ಹಾಕುವುದೇ ಕಷ್ಟ. ಮೊಬೈಲಿನಲ್ಲಿ ಕೂತು ಸಹಾಯ ಮಾಡಿ.

ಇಷ್ಟೆಲ್ಲ ಮಾಡಿದರೂ ಫೋನ್ ಎತ್ತದೆ ಮಾಯವಾಗುವವರಿದ್ದಾರೆ. ಒಂದು ಮೆಸೇಜ್ ಕಳಿಸಿ: ಇಂಥ ದಿನದೊಳಗೆ ಬರದಿದ್ದರೆ ಬೇರೆಯವರಿಂದ ಮುಗಿಸಿ, ಆ ಖರ್ಚನ್ನು ಬಾಕಿಯಲ್ಲಿ ಕಳೆಯುತ್ತೇನೆ. ಕೆಲಸ ಎಲ್ಲಿಗೆ ನಿಂತಿದೆ ಅಂತ ವೀಡಿಯೋ ಮಾಡಿಟ್ಟುಕೊಳ್ಳಿ. ದುಡ್ಡು ಹಂತಕ್ಕೆ ತಕ್ಕಂತೆ ಕೊಟ್ಟಿದ್ದರೆ ಹೊಸಬರನ್ನು ಕರೆಸಲು ನಿಮ್ಮ ಹತ್ತಿರ ದುಡ್ಡು ಉಳಿದಿರುತ್ತದೆ.

ದೊಡ್ಡ ಮೊತ್ತ ಹೋಗಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ತೊಂದರೆ ಆದ ಎರಡು ವರ್ಷದೊಳಗೆ ಕೊಡಬೇಕು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕೇಳಿ. ಅಲ್ಲಿ ನಿಮ್ಮ ಮಾತಿಗೆ ಬಲ ಕೊಡುವುದು ಆ ವಾಟ್ಸಾಪ್ ಮೆಸೇಜು, ಯುಪಿಐ ದಾಖಲೆ, ಟೇಪು ಹಿಡಿದ ಫೋಟೋಗಳೇ.

ಹಂತ 9: ಕೊನೆಯ ಶೇಕಡಾ 10 ಕೊಡುವ ಮೊದಲು

ಒಂದು ತಿಂಗಳು ಎಲ್ಲರೂ ಬಳಸಿದ ಮೇಲೆ ಮೇಸ್ತ್ರಿಯನ್ನು ಕರೆಸಿ, ಇಬ್ಬರೂ ಸೇರಿ ನೋಡಿ. ಕೆಳಗಿನ ಸೀಲಿಂಗ್ ಒಣಗಿದೆಯಾ? ಹಳೇ ತೇವ ಆರಲು ವಾರಗಳು ಹಿಡಿಯುತ್ತವೆ, ಅದಕ್ಕೇ ಹೊಸ ಪೇಂಟ್ ಹೊಡೆಯಲು ಅವಸರ ಮಾಡಬೇಡಿ. ನೆಲದಲ್ಲಿ ಎಲ್ಲಾದರೂ ನೀರು ನಿಲ್ಲುತ್ತದೆಯಾ? ಟೈಲ್ಸ್ ತಟ್ಟಿದಾಗ ಟೊಳ್ಳು ಶಬ್ದ? ಬಿಸಿನೀರು ಎಡಕ್ಕೆ, ತಣ್ಣೀರು ಬಲಕ್ಕೆ ಬರುತ್ತಿದೆಯಾ? ಕಮೋಡ್ ಕೂತಾಗ ಅಲುಗುತ್ತದೆಯಾ? ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ಬೀಳುತ್ತದೆಯಾ?

ಎಲ್ಲ ಸರಿ ಇದ್ದರೆ ಆಗಲೇ ದುಡ್ಡು ಕೊಟ್ಟುಬಿಡಿ. ಒಳ್ಳೆಯ ಕೆಲಸ ಮಾಡಿದ್ದರೆ ಅವರ ನಂಬರನ್ನು ನೆಂಟರಿಗೆ, ಪಕ್ಕದವರಿಗೆ ಕೊಡಿ, ಕೊಟ್ಟ ವಿಷಯ ಅವರಿಗೂ ಹೇಳಿ. ಉಳಿದ ಟೈಲ್ಸಲ್ಲಿ ನಾಲ್ಕೈದನ್ನು ಎತ್ತಿಟ್ಟು, ಶೇಡ್ ನಂಬರ್ ಇರುವ ಬಾಕ್ಸಿನ ತುಂಡನ್ನು ಜೊತೆಗೇ ಕಟ್ಟಿಡಿ. ಗೀಸರ್, ನಲ್ಲಿ, ಕೋಟಿಂಗ್‌ನ ಬಿಲ್ಲುಗಳ ಫೋಟೋ ಪೈಪಿನ ಫೋಟೋಗಳ ಜೊತೆ ಒಂದೇ ಫೋಲ್ಡರಿನಲ್ಲಿರಲಿ, ಮನೆಯಲ್ಲಿ ಇನ್ನೊಬ್ಬರ ಫೋನಿನಲ್ಲೂ ಇರಲಿ.